ಕೋಳಿಗೂಡಿನ ಬಾಗಿಲು ತಾನೇ ಮುಚ್ಚಿಕೊಂಡರೆ?

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿ)



ನಮ್ಮ ಸಭೆಗಳಲ್ಲಿ ಸಂಜೆ ಐದೂವರೆ ಆಯಿತೆಂದರೆ ಏನಾಗುತ್ತದೆ ಎಂದು ನಿಮಗೇ ಗೊತ್ತು. ಒಬ್ಬರು ಎದ್ದು "ಕೋಳಿ ಮುಚ್ಬೇಕು ಅಕ್ಕಾ" ಅನ್ನುತ್ತಾರೆ. ಅವರ ಹಿಂದೆ ಇನ್ನೂ ನಾಲ್ಕು ಜನ. ನಡಾವಳಿ ಪುಸ್ತಕಕ್ಕೆ ಸಹಿ ಹಾಕುವಷ್ಟರಲ್ಲಿ ಅರ್ಧ ಚಾಪೆ ಖಾಲಿ. ಸಾಲದ ವಿಷಯ ಯಾವಾಗಲೂ ಕೊನೆಗೇ ಬರುವುದರಿಂದ, ಮನೆಯಲ್ಲಿ ಕೋಳಿ ಇರುವವರಿಲ್ಲದೆಯೇ ಸಾಲದ ತೀರ್ಮಾನ ಆಗಿಬಿಡುತ್ತದೆ.

ಹೋದ ತಿಂಗಳು ಒಂದು ಸಂಘದಲ್ಲಿ ಒಬ್ಬ ಸಹೋದರಿ 6,000 ರೂಪಾಯಿ ಸಾಲ ಕೇಳಿದರು. ಯಾಕೆ ಅಂದರೆ, ಕೋಳಿಗೂಡಿಗೆ ತಾನೇ ತೆರೆದು ತಾನೇ ಮುಚ್ಚಿಕೊಳ್ಳುವ ಬಾಗಿಲು. ಮೊಬೈಲಿನಲ್ಲಿ ನೋಡಿದ್ದರಂತೆ. "ಬಾಗಿಲು ಹಾಕ್ಲಿಕ್ಕೂ ಮಷಿನ್ನಾ ಮಾರಾಯ್ತಿ?" ಎಂದು ಎಲ್ಲರೂ ನಕ್ಕರು. ನಿಜ ಹೇಳಬೇಕೆಂದರೆ ನಾವೂ ನಕ್ಕೆವು. ಆಮೇಲೆ ಗೊತ್ತಾಯಿತು, ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿ ಅವರು ರಾತ್ರಿ ಅಲ್ಲೇ ಉಳಿದಿದ್ದರು. ಮನೆಯಲ್ಲಿ ಮೂವರು ಗಂಡಸರಿದ್ದರೂ ಗೂಡಿನ ಬಾಗಿಲು ಹಾಕುವುದು ಯಾರಿಗೂ ನೆನಪಾಗಲಿಲ್ಲ. ಬೆಳಿಗ್ಗೆ ಬಂದು ನೋಡಿದರೆ ಆರು ಹೇಂಟೆ ಇಲ್ಲ. ಕಾಡುಬೆಕ್ಕಿನ ಕೆಲಸ. ಒಂದಕ್ಕೆ 400 ರೂಪಾಯಿ ಹಿಡಿದರೂ 2,400 ರೂಪಾಯಿ ಒಂದೇ ರಾತ್ರಿಗೆ ಹೋಯಿತು. ಇಷ್ಟು ಕೇಳಿದ ಮೇಲೆ, ಈ ಬಾಗಿಲಿನ ವಿಷಯ ಸರಿಯಾಗಿ ತಿಳಿದುಕೊಳ್ಳಬೇಕು ಅನ್ನಿಸಿತು.

ಅದು ದೊಡ್ಡ ಮಾಯೆಯೇನಲ್ಲ. ಒಂದು ಸಣ್ಣ ಮೋಟಾರು, ಮೇಲೆ ಕೆಳಗೆ ಜಾರುವ ಒಂದು ಹಲಗೆ. ಬೆಳಕು ಕಡಿಮೆಯಾದದ್ದನ್ನು ನೋಡಿಯೋ, ಗಡಿಯಾರ ನೋಡಿಯೋ ಹಲಗೆ ಇಳಿಯುತ್ತದೆ. ಕತ್ತಲಾಗುವಾಗ ಕೋಳಿಗಳು ತಾವಾಗಿಯೇ ಗೂಡು ಸೇರುವುದರಿಂದ ಇಷ್ಟು ಸಾಕಾಗುತ್ತದೆ. ಇಂಗ್ಲೆಂಡಿನಂಥ ದೇಶಗಳಲ್ಲಿ ಹಿತ್ತಲಲ್ಲಿ ಕೋಳಿ ಸಾಕುವವರು ಇದನ್ನು ಇಷ್ಟಪಡುವುದಕ್ಕೆ ಕಾರಣವಿದೆ. ಅಲ್ಲಿ ಜೂನ್ ತಿಂಗಳಲ್ಲಿ ರಾತ್ರಿ ಒಂಬತ್ತು ಗಂಟೆಯ ನಂತರ ಸೂರ್ಯ ಮುಳುಗುತ್ತಾನೆ, ಡಿಸೆಂಬರಿನಲ್ಲಿ ನಾಲ್ಕು ಗಂಟೆಗೇ ಮುಳುಗಿರುತ್ತಾನೆ. ದುಡಿಯಲು ಹೋದವರು ಮನೆಗೆ ಬರುವ ಮೊದಲೇ ಕತ್ತಲು! ನಮ್ಮಲ್ಲಿ ವರ್ಷವಿಡೀ ನೋಡಿದರೂ ಸಂಜೆಯ ಹೊತ್ತು ಸುಮಾರು ಒಂದು ಗಂಟೆಯಷ್ಟು ಮಾತ್ರ ಹಿಂದೆ ಮುಂದೆ ಆಗುತ್ತದೆ.

ಬೆಳಕು ನೋಡಿ ಮುಚ್ಚುವ ಬಾಗಿಲು ನಮ್ಮ ಮಳೆಗಾಲಕ್ಕೆ ಸರಿಬರುವುದು ಕಷ್ಟ. ಆಷಾಢದಲ್ಲಿ ಮೋಡ ಕವಿದು ನಾಲ್ಕು ಗಂಟೆಗೇ ಕತ್ತಲಾದರೆ ಬಾಗಿಲು ಇಳಿದುಬಿಡಬಹುದು, ಕೋಳಿಗಳು ಇನ್ನೂ ತೋಟದಲ್ಲಿ. ಆಗ ಹೊರಗೆ ಉಳಿದದ್ದು ನರಿಗೆ. ಗಡಿಯಾರದ್ದಾದರೆ ಆ ಗೋಳಿಲ್ಲ, ಆದರೆ ಕರೆಂಟು ಬೇಕು ಅಥವಾ ಬ್ಯಾಟರಿ ಬೇಕು. ನಮ್ಮೂರಿನ ಕರೆಂಟಿನ ವಿಷಯ ಮಾತಾಡದಿರುವುದೇ ಒಳ್ಳೆಯದು. ಇನ್ನೊಂದು ಮಾತು, ಬಾಗಿಲು ಎಣಿಸುವುದಿಲ್ಲ. ನೀವಾದರೆ ಮುಚ್ಚುವಾಗ "ಬಿಳಿ ಹ್ಯಾಟೆ ಎಲ್ಲಿ?" ಎಂದು ಹುಡುಕುತ್ತೀರಿ. ಒಂದು ಕೋಳಿ ತೂಕಡಿಸುತ್ತಿದೆ, ಹಿಕ್ಕೆ ಹಸಿರಾಗಿದೆ ಎಂದು ಕಣ್ಣಿಗೆ ಬೀಳುವುದೂ ಆಗಲೇ.

ನೀರು, ತೌಡು, ದೀಪ ಎಲ್ಲವೂ ತಾನಾಗಿ ನಡೆಯುವ ಗೂಡುಗಳೂ ಇವೆ. ನೂರಾರು ಕೋಳಿ ಇದ್ದರೆ ಸರಿ. ಹತ್ತು ಕೋಳಿಗೆ ನೀರಿಡಲು ತಲೆಕೆಳಗೆ ಮಾಡಿದ ಡಬ್ಬಿ, ಅದರ ಕೆಳಗೊಂದು ತಟ್ಟೆ ಸಾಕು. ಅದೂ 'ತಾನಾಗಿ' ತುಂಬುವುದೇ ಅಲ್ವಾ! ದೀಪದ ವಿಷಯ ಹೇಳುವುದಾದರೆ, ಮೊಟ್ಟೆಯಿಡುವ ಕೋಳಿಗೆ ದಿನಕ್ಕೆ 14ರಿಂದ 16 ಗಂಟೆ ಬೆಳಕು ಬೇಕು ಎನ್ನುವುದು ಫಾರಂ ಕೋಳಿಯ ಲೆಕ್ಕ. ವರ್ಷಕ್ಕೆ ಅರವತ್ತರಷ್ಟು ಮೊಟ್ಟೆಯಿಟ್ಟು ನಡುವೆ ಕಾವಿಗೆ ಕೂರುವ ನಾಟಿ ಹೇಂಟೆಗೆ ದೀಪ ಉರಿಸಿ ದುಡ್ಡು ಕಳೆಯಬೇಡಿ.

ಈಗ ಲೆಕ್ಕ. ಹತ್ತು ಹೇಂಟೆಯಿಂದ ವರ್ಷಕ್ಕೆ 600 ಮೊಟ್ಟೆ. ಅರ್ಧ ಮಕ್ಕಳ ತಟ್ಟೆಗೆ ಮತ್ತು ಕಾವಿಗೆ. ಉಳಿದ 300 ಮೊಟ್ಟೆಯನ್ನು 12 ರೂಪಾಯಿಯಂತೆ ಮಾರಿದರೆ 3,600. ಬಾಗಿಲಿಗೆ 6,000 ಎಂದರೆ ಒಂದೂವರೆ ವರ್ಷಕ್ಕಿಂತ ಹೆಚ್ಚಿನ ಮೊಟ್ಟೆ ದುಡ್ಡು, ಬಡ್ಡಿ ಬೇರೆ. ಆ ದುಡ್ಡು ನಮ್ಮ ಹೆಂಗಸರ ಕೈಯಲ್ಲಿ ಉಳಿಯುವ ದುಡ್ಡು. ಸಾಸಿವೆ ಡಬ್ಬಿಯ ದುಡ್ಡನ್ನು ಮೋಟಾರಿಗೆ ಹಾಕುವ ಮೊದಲು ಎರಡು ಸಲ ಯೋಚಿಸಬೇಕು.

ಐವತ್ತು ಕೋಳಿ ಸಾಕಿ, ಕೂಲಿಗೆ ಹೋಗಿ ಏಳು ಗಂಟೆಗೆ ಮನೆ ಸೇರುವವರಿಗೆ, ಒಬ್ಬರೇ ಇರುವವರಿಗೆ ಇದು ಬೇಕಾಗಬಹುದು. ಅಂಥವರ ಅರ್ಜಿಗೆ ಯಾರೂ ನಗಬಾರದು. ಆದರೆ ಮೊದಲು ಗೂಡು ಗಟ್ಟಿ ಇರಲಿ. ಬಾಗಿಲು ಎಷ್ಟೇ ಬುದ್ಧಿವಂತವಾದರೂ ಹಲಗೆಯ ಸಂದಿನಲ್ಲಿ ಮುಂಗುಸಿ ನುಗ್ಗಿದರೆ ಏನು ಪ್ರಯೋಜನ? ತೆಳು ಕೋಳಿಬಲೆ ಕೋಳಿಯನ್ನು ಒಳಗೆ ತಡೆಯುತ್ತದೆಯೇ ಹೊರತು ಕಾಡುಬೆಕ್ಕನ್ನು ಹೊರಗೆ ತಡೆಯುವುದಿಲ್ಲ. ಅರ್ಧ ಅಂಗುಲ ಕಣ್ಣಿನ ಬೆಸುಗೆ ಜಾಲರಿ ಹಾಕಿಸಿ, ಗೂಡನ್ನು ನೆಲದಿಂದ ಎತ್ತರಿಸಿ. ಹೊಸ ತಳಿ ತರುವವರು ಇದನ್ನೂ ನೆನಪಿಡಿ: ಗಿರಿರಾಜ ಮೈತುಂಬಿದ ಕೋಳಿ, ಓಡಿ ತಪ್ಪಿಸಿಕೊಳ್ಳುವುದು ಕಷ್ಟ. 2005ರಲ್ಲಿ ಬಂದ ಸ್ವರ್ಣಧಾರ ಅದಕ್ಕಿಂತ ಹಗುರ.

ಆ ಸಹೋದರಿ ಅರ್ಜಿಯನ್ನು ಬದಲಾಯಿಸಿ ಜಾಲರಿಗೆ, ಮರಕ್ಕೆ ಎಂದು 2,500 ಕೇಳಿದ್ದಾರೆ. ಸಂಘ ಮಂಜೂರು ಮಾಡಿದೆ. ಬಾಗಿಲು ಹಾಕುವ ಕೆಲಸ ಈಗ ಏಳನೇ ಕ್ಲಾಸಿನ ಮಗನದ್ದು, ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದೂ ಅವನದ್ದೇ. ಒಂದು ದಿನ ಮರೆತನಂತೆ, ಅಪ್ಪನೇ ಎದ್ದು ಹೋಗಿ ಹಾಕಿದರಂತೆ! ಮೋಟಾರಿನ ಬಾಗಿಲಿನ ಆಸೆ ಮಾತ್ರ ಅವರು ಬಿಟ್ಟಿಲ್ಲ. ಕೋಳಿ ಮೂವತ್ತಾದ ಮೇಲೆ ಮತ್ತೆ ಕೇಳುತ್ತೇನೆ ಎಂದಿದ್ದಾರೆ.

ಮುಂದಿನ ತಿಂಗಳು ಸಾಲದ ವಿಷಯವನ್ನು ಸಭೆಯ ಮೊದಲಿಗೇ ತೆಗೆದುಕೊಳ್ಳೋಣ. ಕೊಕ್ಕರೆ ರೋಗದ ಲಸಿಕೆಗೆ ನಿಮ್ಮ ನಿಮ್ಮ ಕೋಳಿಗಳ ಲೆಕ್ಕ ಬರೆದು ತನ್ನಿ. ಒಂದು ಸೀಸೆಯಲ್ಲಿ ನೂರು ಕೋಳಿಗಾಗುವಷ್ಟು ಮದ್ದು ಇರುತ್ತದೆ, ಕಲಸಿದ ಮೇಲೆ ಇಟ್ಟುಕೊಳ್ಳಲು ಬರುವುದಿಲ್ಲ. ಆದ್ದರಿಂದ ಅಕ್ಕಪಕ್ಕದ ಹತ್ತು ಮನೆಯವರು ಒಂದೇ ದಿನ, ಬಿಸಿಲೇರುವ ಮೊದಲು, ಕೋಳಿ ಹೊರಗೆ ಬಿಡದೆ ಕಾಯಬೇಕು.