ರಸ್ತೆಗೆ ಹಾಕುವ ಕಲ್ಲು, ಮಣ್ಣು, ಡಾಮರು ಹೇಗಿರಬೇಕು?

(ಬೆಳ್ಳಿಹಬ್ಬದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಾಲ, ಗೊಬ್ಬರ, ಅಡಿಕೆಯ ವಿಷಯ ಬಿಟ್ಟು ರಸ್ತೆಯ ಸುದ್ದಿ ಇವನಿಗೆ ಯಾಕೆ ಎಂದು ಕೆಲವರಿಗೆ ಅನಿಸಬಹುದು. ಸಂಘದ ಗೋದಾಮಿಗೆ ಬರುವ ರಸ್ತೆಗೆ ಈ ಸಲ ಮಳೆ ಬಿಟ್ಟ ಮೇಲೆ ಹೊಸದಾಗಿ ಡಾಮರು ಬೀಳಲಿದೆ. ಹಿಂದಿನ ಸಲ ಹಾಕಿದ್ದು ಒಂದು ಮಳೆಗಾಲ ನಿಲ್ಲಲಿಲ್ಲ. ಗೊಬ್ಬರದ ಲಾರಿ ಮುಖ್ಯರಸ್ತೆಯಲ್ಲೇ ನಿಂತಿತು. ಅಲ್ಲಿಂದ ಜೀಪಿನಲ್ಲಿ ತಂದ ಬಾಡಿಗೆ ಕೊನೆಗೆ ನಮ್ಮ ತಲೆಗೇ ಬಂತು. ಹಾಗಾಗಿ ಇದು ಸಂಘದ ವಿಷಯವೇ. ನಾನು ಎಸ್ಸೆಸ್ಸೆಲ್ಸಿ ಓದಿದ ಕೃಷಿಕ, ಇಂಜಿನಿಯರ್ ಅಲ್ಲ. ಕೇಳಿ, ನೋಡಿ ತಿಳಿದದ್ದನ್ನು ಹೇಳುತ್ತೇನೆ.

ಮಂಗಳೂರಿನ ಕೊಡಿಯಾಲ್‌ಬೈಲಿಗೆ, ನಮ್ಮ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕಿನ ಪ್ರಧಾನ ಕಚೇರಿಗೆ, ನಾವು ಹೋಗಿ ಬರುತ್ತಾ ಇರುತ್ತೇವೆ. ಆ ಊರಿನ ಹೆಸರಿನಲ್ಲೇ ಬೈಲು ಇದೆ. ಬೈಲು ಎಂದರೆ ಗುಡ್ಡೆಯ ನೀರು ಇಳಿದು ಬರುವ ತಗ್ಗಿನ ಗದ್ದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಈಗ ಅಲ್ಲಿ ಇರುವುದು ಕಟ್ಟಡ, ರಸ್ತೆ. ನಮ್ಮ ಗೋದಾಮಿನ ರಸ್ತೆಯೂ ಅರ್ಧ ಬೈಲಿನಲ್ಲೇ ಇದೆ. ಮಂಗಳೂರು ಕಡೆ ವರ್ಷಕ್ಕೆ ಮೂರೂವರೆ ಸಾವಿರ ಮಿ.ಮೀ.ಗಿಂತ ಹೆಚ್ಚು ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆದ್ದರಿಂದ ನಮ್ಮಲ್ಲಿ ರಸ್ತೆಯ ಕಲ್ಲು ಗಟ್ಟಿ ಇದ್ದರೆ ಸಾಲದು, ನೀರು ಕುಡಿಯದ ಕಲ್ಲೂ ಆಗಿರಬೇಕು.

ಮೊದಲು ಮುರಕಲ್ಲಿನ ಮಾತು. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸುತ್ತಿದ ಬುಕಾನನ್ ಎಂಬ ಸಾಹೇಬ 1807ರ ಪುಸ್ತಕದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂದು ಹೆಸರಿಟ್ಟ. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಇರುವ ಶಬ್ದದಿಂದ ಬಂದ ಹೆಸರು. ಕಡಿಯುವಾಗ ಮೆದು, ಗಾಳಿ ಬಿಸಿಲಿಗೆ ಗಟ್ಟಿ. ಮನೆಯ ಗೋಡೆಗೆ ಇದಕ್ಕಿಂತ ಒಳ್ಳೆಯದು ನಮಗೆ ಬೇರೆ ಇಲ್ಲ. ಆದರೆ ರಸ್ತೆಯ ಮೇಲ್ಪದರಕ್ಕೆ ಇದು ಆಗುವುದಿಲ್ಲ. ಮೈಯೆಲ್ಲ ತೂತು, ನೀರು ಹೀರುತ್ತದೆ, ಲಾರಿಯ ಚಕ್ರಕ್ಕೆ ಅರೆದು ಕೆಸರಾಗುತ್ತದೆ. ಹಿಂದಿನ ಸಲ ನಮ್ಮ ರಸ್ತೆಯ ಹೊಂಡಗಳಿಗೆ ಇದರ ಚೂರನ್ನೇ ತುಂಬಿಸಿ ಮೇಲಿಂದ ಡಾಮರು ಬಳಿದರು. ಮಾಡಿದವರ ಹೆಸರು ಇಲ್ಲಿ ಬೇಡ.

ಅಡಿಯ ಪದರಕ್ಕೆ ಮುರ ಮಣ್ಣು ಆಗುತ್ತದೆ. ಜೇಡಿ ಹೆಚ್ಚಿರಬಾರದು ಅಷ್ಟೇ. ಸ್ವಲ್ಪ ಒದ್ದೆ ಮಾಡಿ ಅಂಗೈಯಲ್ಲಿ ಹೊಸೆಯಿರಿ. ದೀಪದ ಬತ್ತಿಯ ಹಾಗೆ ಸಪೂರ ಬಂದರೂ ತುಂಡಾಗದಿದ್ದರೆ ಜೇಡಿ ಜಾಸ್ತಿ ಎಂದು ಲೆಕ್ಕ. ಅದು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ.

ಇನ್ನು ಜಲ್ಲಿ. ಮೇಲ್ಪದರಕ್ಕೆ ಗಟ್ಟಿ ಕರಿಕಲ್ಲಿನ ಜಲ್ಲಿಯೇ ಬೇಕು. ಪ್ರಯೋಗಶಾಲೆಯಲ್ಲಿ ಸುಮಾರು 14 ಕಿಲೋ ಭಾರದ ಸುತ್ತಿಗೆಯನ್ನು ಜಲ್ಲಿಯ ಮೇಲೆ 15 ಸಲ ಬೀಳಿಸಿ, ಪುಡಿಯಾದದ್ದನ್ನು ಜರಡಿ ಹಿಡಿದು ತೂಗುತ್ತಾರೆ. ಡಾಮರಿನ ಮೇಲ್ಪದರದ ಜಲ್ಲಿಯಲ್ಲಿ ಆ ಪುಡಿ ನೂರಕ್ಕೆ 30 ದಾಟಬಾರದು. ಅದನ್ನು ನಾವು ಮಾಡಲಿಕ್ಕಾಗುವುದಿಲ್ಲ, ವರದಿ ಕೇಳಬಹುದು. ನೀರಿನ ಪರೀಕ್ಷೆಯನ್ನು ಮಾತ್ರ ನಮ್ಮ ಗೋದಾಮಿನಲ್ಲೇ ಮಾಡಬಹುದು ಮಾರಾಯ್ರೆ! 10 ಕಿಲೋ ಜಲ್ಲಿ ತೊಳೆದು, ಚೆನ್ನಾಗಿ ಒಣಗಿಸಿ ತೂಗಿ, ಒಂದು ದಿನ ಪೂರ್ತಿ ನೀರಿನಲ್ಲಿ ಹಾಕಿಡಿ. ಮರುದಿನ ಬಟ್ಟೆಯಲ್ಲಿ ಮೇಲಿನ ನೀರು ಒರಸಿ ಪುನಃ ತೂಗಿ. ನೂರಕ್ಕೆ 2ಕ್ಕಿಂತ ಹೆಚ್ಚು ನೀರು ಕುಡಿಯಬಾರದು, ಅಂದರೆ 10 ಕಿಲೋ 200 ಗ್ರಾಮಿನ ಒಳಗೆ ನಿಲ್ಲಬೇಕು. ಒಲೆಯಲ್ಲಿಟ್ಟು ಒಣಗಿಸಿದಷ್ಟು ನಿಖರ ಅಲ್ಲ, ಆದರೆ ಕೆಟ್ಟ ಕಲ್ಲು ಗೊತ್ತಾಗುತ್ತದೆ.

ಆಕಾರವೂ ನೋಡಬೇಕು. ಹಪ್ಪಳದ ಹಾಗೆ ಚಪ್ಪಟೆ ಇದ್ದದ್ದು ರೋಲರ್ ಹೋದಾಗಲೇ ಮುರಿಯುತ್ತದೆ. ಹೊಳೆಯ ಉರುಟು ಕಲ್ಲು ಒಂದಕ್ಕೊಂದು ಕಚ್ಚಿಕೊಳ್ಳುವುದಿಲ್ಲ. ನಾಲ್ಕೂ ಕಡೆ ಮೂಲೆ ಇರುವ, ಒಡೆದ ಕಲ್ಲು ಬೇಕು. ಮುಷ್ಟಿಯಲ್ಲಿ ಹಿಡಿದು ಬಿಟ್ಟಾಗ ಕೈಗೆ ಧೂಳು ಮೆತ್ತಿದರೆ ಆ ಲೋಡು ಬೇಡ. ಡಾಮರು ಧೂಳಿಗೆ ಅಂಟುತ್ತದೆ, ಕಲ್ಲಿಗೆ ಅಂಟುವುದಿಲ್ಲ.

ಡಾಮರಿನ ಗುಣವೇನು? ಬಿಸಿಲಿಗೆ ಹರಿಯಬಾರದು, ಬೇಗ ಒಣಗಿ ಬಿರಿಯಲೂಬಾರದು. ನಮ್ಮ ಮಂಗಳೂರಿನ ಎಂ.ಆರ್.ಪಿ.ಎಲ್.ನಲ್ಲೂ ಡಾಮರು ತಯಾರಾಗುತ್ತದೆ. ಎಷ್ಟು ಒಳ್ಳೆಯ ಡಾಮರಾದರೂ ಅತಿಯಾಗಿ ಕಾಯಿಸಿದರೆ ಅಂಟು ಸತ್ತುಹೋಗುತ್ತದೆ. ಒದ್ದೆ ಕಲ್ಲಿನ ಮೇಲೆ ಹಾಕಿದರೆ ಸಿಪ್ಪೆಯ ಹಾಗೆ ಏಳುತ್ತದೆ, ಏಕೆಂದರೆ ಕಲ್ಲಿಗೆ ಡಾಮರಿಗಿಂತ ನೀರಿನ ಮೇಲೆಯೇ ಪ್ರೀತಿ. ಮಳೆಯ ನಡುವೆ ಡಾಮರು ಹಾಕಲು ಬಂದರೆ ಬೇಡ ಎನ್ನಲು ನಮಗೆ ಧೈರ್ಯ ಬೇಕು.

ಕಾಂಕ್ರೀಟೇ ಆಗಲಿ ಎನ್ನುವವರಿದ್ದಾರೆ. ಶಿರಾಡಿ ಘಾಟಿಯನ್ನು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಬಂದ್ ಮಾಡಿ ಕಾಂಕ್ರೀಟ್ ಹಾಕಿದ್ದು ನೆನಪಿರಬಹುದು. ಅದಕ್ಕೂ ಉಪ್ಪಿಲ್ಲದ, ಕೆಸರಿಲ್ಲದ ಹೊಯ್ಗೆ ಬೇಕು, ಹಾಕಿದ ಮೇಲೆ ದಿನಗಟ್ಟಲೆ ನೀರು ಬಿಡಬೇಕು. ಖರ್ಚೂ ಹೆಚ್ಚು. ನಮ್ಮಲ್ಲಿ ಬೈಲಿನ ಭಾಗಕ್ಕೆ ಮಾತ್ರ ಕೇಳುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಯಾವುದು ಹಾಕಿದರೂ ಬದಿಯ ಚರಂಡಿ ಬಿಡಿಸದಿದ್ದರೆ ಇಷ್ಟೂ ಮಾತು ವ್ಯರ್ಥ. ಆ ಕೆಲಸ ಸರಕಾರದ್ದು ಮಾತ್ರವಲ್ಲ, ಬದಿಯ ತೋಟದವರದ್ದೂ ಹೌದು, ಅದರಲ್ಲಿ ನಾನೂ ಒಬ್ಬ.

ಜಲ್ಲಿಯ ಮೊದಲ ಲೋಡು ಬಂದ ದಿನ ಗೋದಾಮಿನ ತಕ್ಕಡಿ ಕೊಡಲು ಅಧ್ಯಕ್ಷರು ಒಪ್ಪಿದ್ದಾರೆ. ಇಬ್ಬರು ಸದಸ್ಯರು ಒಂದು ಡ್ರಮ್ಮು ಹಿಡಿದುಕೊಂಡು ಬಂದರೆ ಸಾಕು. ಹೆಸರು ಕೊಡುವವರು ಸಭೆ ಮುಗಿದ ಮೇಲೆ ಕಾರ್ಯದರ್ಶಿಯವರಲ್ಲಿ ಬರೆಸಿ.