ಬಿತ್ತದೆ ಸುಗ್ಗಿ ಕೇಳುವ ಸರ್ಕಾರ
(ತಾಯಲೂರಿನ ಸಭೆಯಲ್ಲಿ ಮಾಡಿದ ಭಾಷಣ)



ಬೀಜ ಕೊಡದೆ, ಗೊಬ್ಬರ ಹಾಕದೆ, ಸುಗ್ಗಿಗೆ ಬಂದು ‘ಫಸಲೆಲ್ಲಿ?’ ಎಂದು ಗದರಿಸುವ ಜಮೀನ್ದಾರನನ್ನು ನಾವು ಬಲ್ಲೆವು. ವಿಶ್ವವಿದ್ಯಾನಿಲಯಗಳ ವಿಷಯದಲ್ಲಿ ಸರ್ಕಾರದ ನಡತೆ ಅದೇ ಆಗಿದೆ.

2022ರ ಮುಂಗಡಪತ್ರದಲ್ಲಿ ಏಳು ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾನಿಲಯ ಸಾರಿದರು. ತಲಾ ಎರಡು ಕೋಟಿ ರೂಪಾಯಿ! ಅಷ್ಟರಲ್ಲಿ ನೆಟ್ಟಗೆ ಒಂದು ಪ್ರಯೋಗಶಾಲೆಯೂ ಏಳದು. 2025ರ ಫೆಬ್ರವರಿಯಲ್ಲಿ, ಬೇರೊಂದು ಪಕ್ಷದ ಸರ್ಕಾರದ ಸಂಪುಟ ಉಪಸಮಿತಿ, ಬೀದರವೊಂದನ್ನು ಬಿಟ್ಟು ಉಳಿದ ಆರನ್ನೂ, ಜೊತೆಗೆ ಇನ್ನು ಮೂರನ್ನೂ ಮುಚ್ಚುವಂತೆ ಶಿಫಾರಸು ಮಾಡಿತು. ಕಾರಣ, ಹಣವಿಲ್ಲವಂತೆ! ಕೊಡಬೇಕಾದವರೇ ಹೇಳುವ ಮಾತು ಇದು. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ನೂರಕ್ಕೆ ಆರು ಪಾಲು ಬೇಕೆಂದು ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು. ಆ ಆರು ಇಂದಿಗೂ ಬಂದಿಲ್ಲ.

ಇದು ಪರಊರಿನ ಮಾತೆನ್ನಬೇಡಿ. ಬೆಂಗಳೂರು ವಿಶ್ವವಿದ್ಯಾನಿಲಯವನ್ನು ಮೂರು ಪಾಲು ಮಾಡಿದಾಗ, 2017ರಲ್ಲಿ, ಕೋಲಾರದ ಟಮಕಕ್ಕೆ ಉತ್ತರ ವಿಶ್ವವಿದ್ಯಾನಿಲಯ ಬಂತು. ನಮ್ಮ ಹೆಣ್ಣುಮಕ್ಕಳು ಬೆಳಗ್ಗೆ ಬಸ್ಸು ಹತ್ತಿ ಸಂಜೆಗೆ ಮನೆ ಸೇರಬಹುದಾದ ದೂರ. ಬೆಂಗಳೂರಿನಲ್ಲಿ ಬಾಡಿಗೆ ಕಟ್ಟಿ ಓದಿಸುವ ತ್ರಾಣ ನಮ್ಮಲ್ಲಿ ಎಷ್ಟು ಮನೆಗಳಿಗಿದೆ?

ಬೋರ್ಡು ತೂಗುಹಾಕಿದ ಮಾತ್ರಕ್ಕೆ ವಿಶ್ವವಿದ್ಯಾನಿಲಯವಾಗದು, ಅದನ್ನು ನಾವೂ ಒಪ್ಪುತ್ತೇವೆ. ಅತಿಥಿ ಉಪನ್ಯಾಸಕರನ್ನು ಅರೆಹೊಟ್ಟೆಯಲ್ಲಿ ದುಡಿಸಿ ಸಂಶೋಧನೆ ಬೆಳೆಸಲಾಗದು. ಆದ್ದರಿಂದಲೇ ಕೇಳುತ್ತೇವೆ: ಮುಂದಿನ ಐದು ವರ್ಷಕ್ಕೆ ಎಷ್ಟು ಖಾಯಂ ಹುದ್ದೆ, ಎಷ್ಟು ಹಣ, ಬರೆದು ಕೊಡಿ. ಬೆಂಗಳೂರಿನ ಕೊಳಚೆ ನೀರು ಶುದ್ಧಿಯಾಗಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಹರಿಯುತ್ತಿದೆ. ಆ ನೀರನ್ನೂ, ಅದರಿಂದ ಬೆಳೆದ ಟೊಮೇಟೊವನ್ನೂ ತಿಂಗಳು ತಿಂಗಳು ಪರೀಕ್ಷಿಸಿ ನಮಗೆ ಕನ್ನಡದಲ್ಲಿ ತಿಳಿಸುವ ಕೆಲಸವನ್ನು ಟಮಕಕ್ಕೆ ಮೊದಲು ವಹಿಸಿರಿ, ಅದಕ್ಕೆ ತಕ್ಕ ಹಣವನ್ನೂ ಕೊಡಿರಿ.