ಕರೆಗೆ ಕಾದಿರುವ ಮನೆ

ಕುಂದಾಪುರ ತಾಲೂಕಿನ ನಮ್ಮ ಶಂಕರನಾರಾಯಣ, ಹರಿ-ಹರರು ಒಂದಾಗಿ ಪೂಜೆಗೊಳ್ಳುವ ಕ್ಷೇತ್ರ. ಊರಿಗೆ ಆ ಹೆಸರು ಬಂದದ್ದೇ ಅದರಿಂದ. ನಮ್ಮ ಯಜಮಾನರನ್ನು ಯಾರಿಗಾದರೂ ಪರಿಚಯಿಸಬೇಕಾದಾಗಲೆಲ್ಲ ನನಗೆ ಈ ದೇವರ ನೆನಪಾಗುತ್ತದೆ. ಅವರದೂ ಎರಡು ರೂಪ. ವರ್ಷದ ಹತ್ತು ತಿಂಗಳು ಅಡಿಕೆ ತೋಟ ನೋಡಿಕೊಂಡು, ಪೇಟೆಯಲ್ಲಿ ನೀರಿನ ಪಂಪುಗಳನ್ನು ದುರಸ್ತಿ ಮಾಡುವ ಗೃಹಸ್ಥರು. ಉಳಿದೆರಡು ತಿಂಗಳು ಸಮವಸ್ತ್ರ ತೊಟ್ಟ ಸಿಪಾಯಿ. ನೆರೆಮನೆಯ ಅಜ್ಜಿಗೆ ಇದು ಇಂದಿಗೂ ಬಗೆಹರಿಯದ ಒಗಟು. “ನಿಮ್ಮೋರ್ ಮಿಲಿಟ್ರಿ ಅಂಬ್ರ್, ಮತ್ತೆ ಊರಗೇ ಇತ್ರಲೆ!” ಎನ್ನುತ್ತಾರೆ.

ಇಂತಹವರ ಪಡೆಗೆ ಟೆರಿಟೋರಿಯಲ್ ಆರ್ಮಿ, ಅಂದರೆ ಪ್ರಾದೇಶಿಕ ಸೇನೆ ಎಂದು ಹೆಸರು. 1948ರಲ್ಲಿ ಇದರ ಕಾಯಿದೆಯಾಯಿತು. 1949ರ ಅಕ್ಟೋಬರ್ 9ರಂದು ಗವರ್ನರ್ ಜನರಲ್ ರಾಜಗೋಪಾಲಾಚಾರಿಯವರು ಪಡೆಯನ್ನು ಉದ್ಘಾಟಿಸಿದರು. 1962, 1965 ಮತ್ತು 1971ರ ಯುದ್ಧಗಳಲ್ಲಿ ಈ ಸೇನೆ ದುಡಿದಿದೆ. ತನ್ನ ಕಸುಬನ್ನು ಬಿಡದೆಯೇ ನಾಗರಿಕನು ಶಸ್ತ್ರವಿದ್ಯೆ ಕಲಿತಿರಬೇಕು, ಕರೆ ಬಂದಾಗ ಹೊರಡಬೇಕು, ಕೆಲಸ ಮುಗಿದಾಗ ಮನೆಗೆ ಮರಳಬೇಕು. ಸಮವಸ್ತ್ರದ ದಿನಗಳಿಗಷ್ಟೇ ಸಂಬಳ. ಕರೆ ಎರಡು ತಿಂಗಳ ತರಬೇತಿಯದಾಗಬಹುದು, ವರ್ಷಗಟ್ಟಲೆ ಗಡಿಯ ಸೇವೆಯದೂ ಆಗಬಹುದು.

ಗಂಡನನ್ನು ಕಾಯುವುದು ನಮ್ಮ ಕಡೆಯ ಹೆಂಗಸರಿಗೆ ಹೊಸದಲ್ಲ. ಬೊಂಬಾಯಿಯ ಹೋಟೆಲುಗಳಿಗೆ ಹೋದವರನ್ನು ನಮ್ಮ ಅಜ್ಜಿಯಂದಿರು ಕಾದರು. ಯಕ್ಷಗಾನ ಮೇಳದವರ ಮಡದಿಯರು ಈಗಲೂ ಕಾಯುತ್ತಾರೆ. ಆದರೆ ಮೇಳಕ್ಕೆ ಹೋದವರಿಗೆ ಒಂದು ಕಟ್ಟುಂಟು. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದವರು ಪತ್ತನಾಜೆಯ ಹೊತ್ತಿಗೆ ಬಿಚ್ಚಿ ಮನೆಗೆ ಬರುತ್ತಾರೆ. ನಮ್ಮ ಮನೆಯ ಗೆಜ್ಜೆಗೆ ಅಂತಹ ಪಂಚಾಂಗವಿಲ್ಲ. ಯಜಮಾನರು ದೂರ ಹೋದಾಗ ಕಾಯುವುದು ಒಂದು ಬಗೆ. ಅವರು ಎದುರಿಗೇ ಕುಳಿತು ಗಂಜಿ ಉಣ್ಣುತ್ತಿರುವಾಗಲೂ ಕಾಯುತ್ತಿರುವುದು ಇನ್ನೊಂದು ಬಗೆ. ಈ ಎರಡನೆಯದನ್ನು ನಾನು ನಿಧಾನವಾಗಿ ಕಲಿತೆ.

ಮದುವೆಯಾದ ಮೂರನೆಯ ವರ್ಷ, ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಅವರನ್ನು ಕಾಣಲು ಬೆಳಗಾವಿಗೆ ಹೊರಟೆ. ಅಲ್ಲಿಯವರೆಗೆ ನಾನು ಒಬ್ಬಳೇ ಹೋದ ದೂರವೆಂದರೆ ಕುಂದಾಪುರ. ಬಸ್ಸು ಭಟ್ಕಳ, ಹೊನ್ನಾವರ, ಕುಮಟೆಗಳನ್ನು ದಾಟಿ, ಅಂಕೋಲೆಯಲ್ಲಿ ಕಡಲಿಗೆ ಬೆನ್ನು ಮಾಡಿ, ಅರಬೈಲು ಘಟ್ಟ ಏರಿತು. ಹುಬ್ಬಳ್ಳಿ ತಲಪುವಷ್ಟರಲ್ಲಿ ಗಾಳಿಯ ತೇವ ಹೋಗಿ, ಮಣ್ಣಿನ ಬಣ್ಣ ಕಪ್ಪಾಗಿತ್ತು. ಮರುದಿನ ಅವರಿಗೆ ದೊರೆತ ಬಿಡುವು ಒಂದು ಗಂಟೆ. ಹೊರಗೊಂದು ಮರದಡಿಯಲ್ಲಿ ಕುಳಿತು ಹಲಸಿನ ಹಪ್ಪಳದ ಕಟ್ಟನ್ನು ಕೊಟ್ಟೆ. ಕೂಸು ಸಮವಸ್ತ್ರ ಕಂಡು ಅತ್ತಿತು. ಮಾತಾಡಬೇಕೆಂದುಕೊಂಡದ್ದರಲ್ಲಿ ಅರ್ಧವೂ ಆಗಲಿಲ್ಲ.

ಅಲ್ಲಿ ಸಾಮಾನು ಕೊಳ್ಳಲು ಬಂದಿದ್ದ ಒಬ್ಬಾಕೆ, ಕಾಯಂ ಸೈನಿಕರೊಬ್ಬರ ಮಡದಿ, “ನಿಮ್ಮದು ಯಾವ ಕ್ವಾರ್ಟರ್ಸು?” ಎಂದು ಕೇಳಿದರು. “ಶಂಕರನಾರಾಯಣ” ಎಂದೆ. ಇಬ್ಬರೂ ನಕ್ಕೆವು. ಆದರೆ ಹಿಂದಿರುಗುವ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಆಕೆಗೂ ಭಯವುಂಟು, ನನಗಿಂತ ಹೆಚ್ಚೇ ಇದ್ದೀತು. ಆದರೆ ಅದನ್ನು ಹೇಳಿಕೊಳ್ಳಲು ಪಕ್ಕದ ಮನೆಯ ಬಾಗಿಲು ಉಂಟು. ಆ ಬಾಗಿಲ ಹಿಂದೆಯೂ ಅದೇ ಭಯ. ನನ್ನ ಊರಿನಲ್ಲಿ ನನ್ನಂಥವಳು ನಾನೊಬ್ಬಳೇ.

ನೌಕರಿಯಲ್ಲಿದ್ದವನು ಕರೆಗೆ ಹೋಗಿ ಬಂದರೆ ಅವನನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳಬೇಕೆಂದು ಕಾಯಿದೆ ಮಾಲೀಕನಿಗೆ ವಿಧಿಸಿದೆ. ಒಳ್ಳೆಯದೇ. ಆದರೆ ಅಂಗಡಿಯ ಬಾಗಿಲು ಹಾಕಿದಾಗ ಬೇರೆಡೆಗೆ ಹೋದ ಗಿರಾಕಿಯನ್ನು ಯಾವ ಕಾಯಿದೆ ಮರಳಿ ತಂದೀತು? ಮಳೆಗಾಲದಲ್ಲಿ ಬೋರ್ಡೋ ದ್ರಾವಣ ಹೊಡೆಯುವುದು ತಡವಾದರೆ ಕೊಳೆರೋಗ ಯಾರ ಅಪ್ಪಣೆಗೂ ಕಾಯುವುದಿಲ್ಲ. ಹಾಗಾಗಿ ಆಳುಗಳನ್ನು ಗೊತ್ತು ಮಾಡುವುದು, ಮೈಲುತುತ್ತ ಸುಣ್ಣಗಳ ಅಳತೆ, ಪಂಪಿನ ಸಾಲ ವಸೂಲಿ ಎಲ್ಲವನ್ನೂ ನಾನು ಕಲಿಯಬೇಕಾಯಿತು.

2025ರ ಮೇ 9, ಶುಕ್ರವಾರ. ಆಪರೇಷನ್ ಸಿಂದೂರ ಆರಂಭವಾಗಿ ಮೂರನೆಯ ದಿನ. ಪ್ರಾದೇಶಿಕ ಸೇನೆಯನ್ನು ಕರೆಯುವ ಅಧಿಕಾರವನ್ನು ಸರಕಾರ ಭೂಸೇನೆಯ ಮುಖ್ಯಸ್ಥರಿಗೆ ಕೊಟ್ಟಿದೆ, 32 ಪದಾತಿ ದಳಗಳಲ್ಲಿ 14ನ್ನು ಕರೆಯಬಹುದು ಎಂದು ವಾರ್ತೆ ಬಂತು. ಯಾವ ಹದಿನಾಲ್ಕು? ಯಜಮಾನರು ಏನೂ ಹೇಳದೆ ಅಟ್ಟದಿಂದ ಟ್ರಂಕನ್ನು ಇಳಿಸಿದರು. ರಾತ್ರಿ ಊಟವಾದ ಮೇಲೆ ನನ್ನನ್ನು ಕೂರಿಸಿಕೊಂಡು ಲೆಕ್ಕದ ಪುಸ್ತಕ ಎಲ್ಲಿದೆ, ಯಾರಿಂದ ಎಷ್ಟು ಬರಬೇಕು, ಮೈಲುತುತ್ತ ಎಷ್ಟು ತರಿಸಬೇಕು ಎಂದು ಒಂದೊಂದಾಗಿ ಹೇಳತೊಡಗಿದರು. ಅವೆಲ್ಲವೂ ವರ್ಷಗಳಿಂದ ನಾನೇ ಮಾಡುತ್ತಿದ್ದ ಕೆಲಸಗಳು. ಎರಡು ಕಡೆ ಅವರ ಲೆಕ್ಕ ತಪ್ಪಾಗಿಯೂ ಇತ್ತು. ನಾನು ತಿದ್ದಲಿಲ್ಲ. ಹೇಳಬೇಕಾದ ಇನ್ನೊಂದು ಮಾತನ್ನು ಹೇಳಲಾರದೆ ಅವರು ಇದನ್ನು ಹೇಳುತ್ತಿದ್ದಾರೆಂದು ತಿಳಿಯಿತು. ಕೇಳುತ್ತ ಕುಳಿತೆ.

ಮರುದಿನ ಸಂಜೆ ಕದನ ನಿಲ್ಲಿಸಲು ಒಪ್ಪಿಗೆಯಾದ ಸುದ್ದಿ ಬಂತು. ಅವರಿಗೆ ಕರೆ ಬರಲಿಲ್ಲ. ಆದರೆ ಮಳೆ ಹಿಡಿಯುವವರೆಗೂ ಟ್ರಂಕು ಜಗಲಿಯಲ್ಲೇ ಇತ್ತು. ಅದನ್ನು ಮೇಲಕ್ಕಿಡುವ ಮಾತನ್ನು ಇಬ್ಬರೂ ಎತ್ತಲಿಲ್ಲ.

ಪ್ರಾದೇಶಿಕ ಸೇನೆಯ ಧ್ಯೇಯವಾಕ್ಯ ‘ಸಾವಧಾನೀ ವ ಶೂರತಾ’. ಅಲ್ಲಿ ಮೊದಲ ಪದಕ್ಕೆ ಎಚ್ಚರ ಎಂದು ಅರ್ಥ. ನಮ್ಮ ಕನ್ನಡದಲ್ಲಿ ಸಾವಧಾನವೆಂದರೆ ತಾಳ್ಮೆಯೂ ಹೌದು. ಮದುವೆಯ ಮುಹೂರ್ತದಲ್ಲಿ ಪುರೋಹಿತರು ‘ಸಾವಧಾನ’ ಎಂದದ್ದು ನನಗೆ ನೆನಪಿದೆ. ಅಂದು ಅದು ನನ್ನನ್ನು ಕುರಿತದ್ದೆಂದು ಹೊಳೆದಿರಲಿಲ್ಲ. ಸೇನೆಯ ಪಟ್ಟಿಯಲ್ಲಿರುವುದು ಅವರೊಬ್ಬರ ಹೆಸರು. ಆದರೆ ಕರೆ ಬಂದ ದಿನ ತೋಟ, ಅಂಗಡಿ, ಮಕ್ಕಳು, ಹಟ್ಟಿಯ ದನ ಇವೆಲ್ಲದರ ಕಾವಲಿಗೆ ನಿಲ್ಲುವ ಇನ್ನೊಂದು ಹೆಸರೂ ಉಂಟು. ಅದನ್ನು ಯಾರೂ ಬರೆದುಕೊಳ್ಳಬೇಕಾಗಿಲ್ಲ. ಉಂಟೆಂದು ತಿಳಿದಿದ್ದರೆ ಸಾಕು.

(ಆಕಾಶವಾಣಿಯ ಕೃಪೆಯಿಂದ)